ಮಳೆಗಾಲದ ವಿದ್ಯುತ್ ಪ್ರಯೋಗಗಳನ್ನು ಡಿಸೆಂಬರ್‌ಗೆ ಇರಿಸಿಕೊಳ್ಳಿ

ಮಾನ್ಯ ಸಂಪಾದಕರೇ,

ದ್ವಿತೀಯ ಪಿಯುಸಿ ಭೌತಶಾಸ್ತ್ರದ ಮೊದಲ ಅಧ್ಯಾಯವೇ ವಿದ್ಯುದಾವೇಶದ್ದು. ಅದು ತರಗತಿಗೆ ಬರುವ ಹೊತ್ತಿಗೆ ಮಲೆನಾಡಿನಲ್ಲಿ ಮುಂಗಾರು ಹಿಡಿದಿರುತ್ತದೆ. ತೀರ್ಥಹಳ್ಳಿ ಕಡೆಯ ಕಾಲೇಜೊಂದರಲ್ಲಿ ಪಾಠ ಮಾಡುತ್ತಿದ್ದಾಗ ಎಬೊನೈಟ್ (ಗಟ್ಟಿ ರಬ್ಬರ್) ಕಡ್ಡಿಯನ್ನು ಎಷ್ಟು ಉಜ್ಜಿದರೂ ಆವೇಶ ತೇವದ ಗಾಳಿಗೆ ಸೋರಿಹೋಗಿ, ದಾರಕ್ಕೆ ತೂಗುಬಿಟ್ಟ ಬೆಂಡಿನ ಗುಂಡು ಅಲುಗದಿರುವುದನ್ನು ಕಂಡು, ಪುಸ್ತಕದಲ್ಲಿರುವಂತೆ ಬರೆದುಕೊಳ್ಳಿ ಎಂದು ಮಕ್ಕಳಿಗೆ ಹೇಳಿದ್ದೇನೆ. ಆ ಮಾತು ಇಂದಿಗೂ ಮನಸ್ಸನ್ನು ಕೊರೆಯುತ್ತದೆ.

ವಿದ್ಯುತ್ತಿನ ಬಲವನ್ನು ತಂತಿಯ ತಿರುಚಿನಿಂದ ಮೊದಲು ಅಳೆದವರು ಈ ತೊಡಕನ್ನು ಬಚ್ಚಿಡಲಿಲ್ಲ. 1785ರಲ್ಲಿ ಫ್ರಾನ್ಸಿನ ವಿಜ್ಞಾನಿ ಕೂಲಂಬ್ ತೆಳು ಬೆಳ್ಳಿಯ ತಂತಿಗೆ ಕಡ್ಡಿಯೊಂದನ್ನು ತೂಗುಬಿಟ್ಟು, ಕಡ್ಡಿ ತಿರುಗಿದ ಕೋನದಿಂದ ಅಳೆದ ಆವೇಶಗಳ ಅಂತರ 36 ಡಿಗ್ರಿಯಿಂದ 18ಕ್ಕೆ ಇಳಿದಾಗ ತಿರುಚು 36ರಿಂದ 144 ಡಿಗ್ರಿಗೆ, ಅಂದರೆ ನಾಲ್ಕು ಪಟ್ಟಿಗೆ ಏರುವುದನ್ನು ತೋರಿಸಿದರು. ತೇವದ ಗಾಳಿಯಲ್ಲಿ ಆವೇಶ ಹೇಗೆ ಸೋರುತ್ತದೆ ಎಂಬುದನ್ನೇ ವಿಷಯವಾಗಿಸಿಕೊಂಡು ಇನ್ನೊಂದು ಪ್ರಬಂಧವನ್ನೂ ಬರೆದರು. ತಂತಿಯ ದಪ್ಪವನ್ನು ಅರ್ಧಕ್ಕೆ ಇಳಿಸಿದರೆ ಅದೇ ತಿರುಗುಬಲಕ್ಕೆ ಅದು ಹದಿನಾರು ಪಟ್ಟು ಹೆಚ್ಚು ತಿರುಗುತ್ತದೆ. ಸಣ್ಣ ಬಲವನ್ನು ಹಿಡಿಯುವ ಗುಟ್ಟು ಇಲ್ಲಿದೆ, ಆದರೆ ಅಷ್ಟು ನಾಜೂಕಾದ ತಂತಿಯನ್ನು ಗಾಳಿಯ ಒಂದು ಸುಳಿಯೂ ತಿರುಗಿಸಿಬಿಡಬಲ್ಲದು.

1903ರಲ್ಲಿ ಟ್ರೌಟನ್ ಮತ್ತು ನೋಬಲ್ ಎಂಬ ಭೌತವಿಜ್ಞಾನಿಗಳು ಇದೇ ಗುಟ್ಟನ್ನು ಬಹಳ ದೂರ ಕೊಂಡೊಯ್ದರು. ಸೆಕೆಂಡಿಗೆ ಸುಮಾರು 30 ಕಿಲೋಮೀಟರ್ ವೇಗದಲ್ಲಿ ಭೂಮಿ ಈಥರ್ (ಬೆಳಕನ್ನು ಹೊರುತ್ತದೆಂದು ಆಗ ನಂಬಿದ್ದ ಮಾಧ್ಯಮ) ಮೂಲಕ ಸಾಗುತ್ತಿದ್ದರೆ, ತಂತಿಗೆ ತೂಗುಬಿಟ್ಟ ಆವೇಶಭರಿತ ಕೆಪಾಸಿಟರ್ (ಆವೇಶ ಕೂಡಿಡುವ ಸಾಧನ) ಸ್ವಲ್ಪವಾದರೂ ತಿರುಗಬೇಕಿತ್ತು. ಬೆಳಕಿನ ವೇಗಕ್ಕೆ ಹೋಲಿಸಿದ ಆ ವೇಗದ ವರ್ಗವೇ ಹತ್ತು ಕೋಟಿಯಲ್ಲೊಂದು ಪಾಲಾಗುವುದರಿಂದ, ಕಾಣಬೇಕಾದ ಪರಿಣಾಮ ಅತ್ಯಲ್ಪ. ನಿರೀಕ್ಷಿಸಿದ ತಿರುವು ಕಾಣಲೇ ಇಲ್ಲ. ಅವರು ಕಾಣಲಿಲ್ಲವೆಂದೇ ಪ್ರಕಟಿಸಿದರು. ಐನ್‌ಸ್ಟೈನರ ಸಾಪೇಕ್ಷತಾ ಸಿದ್ಧಾಂತದ ಹಿನ್ನೆಲೆಯಲ್ಲಿ ಆ ಫಲಿತಾಂಶವನ್ನು ಇಂದಿಗೂ ನೆನೆಯುತ್ತಾರೆ.

ಆದ್ದರಿಂದ ಶಿವಮೊಗ್ಗ ಜಿಲ್ಲೆಯ ಉಪನ್ಯಾಸಕರಲ್ಲಿ ನನ್ನ ವಿನಂತಿ ಇಷ್ಟು: ಪಾಠ ಜೂನ್‌ನಲ್ಲಿ ನಡೆಯಲಿ, ಪ್ರಯೋಗವನ್ನು ಗಾಳಿ ಒಣಗಿರುವ ಡಿಸೆಂಬರ್‌ಗೆ ಇರಿಸಿಕೊಳ್ಳಿ. ಮಳೆಯಲ್ಲೇ ಮಾಡಬೇಕಾದರೆ ಮುಚ್ಚಿದ ಗಾಜಿನ ಪೆಟ್ಟಿಗೆಯೊಳಗೆ ತೇವ ಹೀರುವ ಸಿಲಿಕಾ ಜೆಲ್ ಇಟ್ಟು ಮಾಡಿ. ಅಡಿಕೆ ಒಣಗಿಸುವ ಕಷ್ಟ ಕಂಡ ನಮ್ಮ ಮಕ್ಕಳಿಗೆ ಅದರ ಕಾರಣವನ್ನು ಬಿಡಿಸಿ ಹೇಳಬೇಕಾಗಿಲ್ಲ. ಗುಂಡು ಅಲುಗದಿದ್ದರೆ ಅಲುಗಲಿಲ್ಲವೆಂದೇ ರೆಕಾರ್ಡಿನಲ್ಲಿ ಬರೆಯಲಿ, ಅಂದಿನ ಮಳೆಯನ್ನೂ ಪಕ್ಕದಲ್ಲಿ ಗುರುತಿಸಲಿ, ಅದಕ್ಕೂ ಪೂರ್ಣ ಅಂಕ ಸಿಗಲಿ.

— ನಿವೃತ್ತ ಭೌತಶಾಸ್ತ್ರ ಉಪನ್ಯಾಸಕ, ತೀರ್ಥಹಳ್ಳಿ