ಪ್ರೊಲಾಗ್ ಪಾಠಕ್ಕೆ ಹೊರಟ ಗೆಳೆಯನಿಗೆ

ಪ್ರೀತಿಯ ಗೆಳೆಯಾ,

ಮೂರನೇ ವರ್ಷದವರಿಗೆ ಪ್ರೊಲಾಗ್, ಅದೇ ತರ್ಕದ ಮೇಲೆ ನಿಂತ ಪ್ರೋಗ್ರಾಮಿಂಗ್ ಭಾಷೆಯ ಪಾಠ ಈ ಸಲ ನಿನ್ನ ಪಾಲಿಗೆ ಬಂತು ಅಂತ ಕೇಳಿ ತುಂಬಾ ಖುಷಿಯಾಯ್ತು ಕಣೋ. ಎಲ್ಲಿಂದ ಶುರು ಮಾಡಲಿ ಅಂತ ಕೇಳಿದ್ದೀಯ. ಚರಿತ್ರೆಯಿಂದ ಬೇಡ. 1972ರ ಹೊತ್ತಿಗೆ ಫ್ರಾನ್ಸಿನ ಮಾರ್ಸೇಯಲ್ಲಿ ಆಲೆನ್ ಕೋಲ್ಮೆರೋವರ್ ತಂಡ ಇದನ್ನು ಕಟ್ಟಿತು ಅಂತ ಒಂದು ಮಾತು ಹೇಳಿ ಸೀದಾ ಲ್ಯಾಬ್‌ಗೆ ಕರೆದುಕೊಂಡು ಹೋಗು.

ಹುಡುಗರು ಸಿ, ಜಾವಾ, ಪೈಥಾನ್ ಬರೆದು ಬಂದಿರುತ್ತಾರೆ. ‘X = 2+3’ ಅಂತ ಟೈಪ್ ಮಾಡಿಸು. ಉತ್ತರ 5 ಬರಲ್ಲ, 2+3 ಅಂತಲೇ ಬರುತ್ತದೆ. ಇಲ್ಲಿ ಸಮ ಚಿಹ್ನೆ ಲೆಕ್ಕ ಮಾಡುವುದಿಲ್ಲ, ಎರಡೂ ಕಡೆ ಹೊಂದುತ್ತದಾ ಅಂತ ನೋಡುತ್ತದೆ ಅಷ್ಟೇ. ಆಮೇಲೆ ಅಪೆಂಡ್, ಅಂದರೆ ಎರಡು ಪಟ್ಟಿ ಸೇರಿಸುವ ಪ್ರೋಗ್ರಾಮ್. [1,2] ಮತ್ತು [3] ಸೇರಿಸಿದರೆ [1,2,3] ಆಗುವುದರಲ್ಲಿ ಯಾರಿಗೂ ಏನೂ ವಿಶೇಷ ಕಾಣಲ್ಲ. ಈಗ ತಿರುಗಿಸಿ ಕೇಳಿಸು: ಯಾವ ಎರಡು ಪಟ್ಟಿ ಸೇರಿದರೆ [1,2,3] ಆಗುತ್ತೆ? ಮುಂದಿನ ಉತ್ತರ ಕೇಳಲು ಸೆಮಿಕೋಲನ್ ಒತ್ತುತ್ತಾ ಹೋದರೆ ಖಾಲಿ ಪಟ್ಟಿಯಿಂದ ಶುರುವಾಗಿ ನಾಲ್ಕೂ ಜೋಡಿ ಒಂದೊಂದಾಗಿ ಹೊರಗೆ ಬರುತ್ತವೆ, ಒಂದಕ್ಷರ ಬದಲಿಸದ ಅದೇ ಪ್ರೋಗ್ರಾಮಿನಿಂದ! ಆಗ ತರಗತಿ ನಿಜವಾಗಿ ಎಚ್ಚರಾಗುತ್ತದೆ.

ಆದರೆ ಅಲ್ಲಿಗೇ ನಿಲ್ಲಿಸಬೇಡ. ‘ಏನು ಬೇಕು ಅಂತ ಹೇಳಿದರೆ ಸಾಕು, ಹೇಗೆ ಅಂತ ಯಂತ್ರ ನೋಡಿಕೊಳ್ಳುತ್ತೆ’ ಅಂತ ಬಹಳ ಜನ ಕಲಿಸುತ್ತಾರೆ. ಅದು ಅರ್ಧ ಸತ್ಯ, ಹುಡುಗರಿಗೆ ಆಗುವ ಅನ್ಯಾಯ. ತರ್ಕದ ಪ್ರೋಗ್ರಾಮಿಂಗಿಗೆ ಬುನಾದಿ ಹಾಕಿದವರಲ್ಲೊಬ್ಬರಾದ ರಾಬರ್ಟ್ ಕೊವಾಲ್ಸ್ಕಿ 1979ರಲ್ಲೇ ಬರೆದಿದ್ದರು, ಅಲ್ಗಾರಿದಮ್ ಅಂದರೆ ಲಾಜಿಕ್ ಜೊತೆಗೆ ಕಂಟ್ರೋಲ್ ಅಂತ. ಆ ಎರಡನೇ ಭಾಗ, ಅಂದರೆ ಯಂತ್ರ ಯಾವ ಕ್ರಮದಲ್ಲಿ ಹುಡುಕುತ್ತೆ ಅನ್ನೋದನ್ನು, ಮುಚ್ಚಿಡಬಾರದು.

ನಾನು ಮಹಾಭಾರತದ ವಂಶ ಕೊಡುತ್ತೇನೆ. ಪ್ರೊಲಾಗ್ ನಡೆಸುವ ಎಸ್‌ಡಬ್ಲ್ಯುಐ-ಪ್ರೊಲಾಗ್ ಸಾಫ್ಟ್‌ವೇರಿನಲ್ಲಿ ಕನ್ನಡ ಅಕ್ಷರದಲ್ಲೇ ಬರೆಯಬಹುದು. ಇಂಗ್ಲಿಷಿನಲ್ಲಿ ವೇರಿಯಬಲ್ ಕ್ಯಾಪಿಟಲ್ ಅಕ್ಷರದಿಂದ ಶುರುವಾಗುತ್ತೆ, ನಮ್ಮಲ್ಲಿ ಅದು ಇಲ್ಲವಲ್ಲ, ಹಾಗಾಗಿ ವೇರಿಯಬಲ್ ಮುಂದೆ ಅಂಡರ್‌ಸ್ಕೋರ್ ಹಾಕಬೇಕು:

ತಂದೆ(ಅರ್ಜುನ, ಅಭಿಮನ್ಯು).
ತಂದೆ(ಅಭಿಮನ್ಯು, ಪರೀಕ್ಷಿತ).
ತಂದೆ(ಪರೀಕ್ಷಿತ, ಜನಮೇಜಯ).

ಹಿರಿಯ(_ಅ, _ಕ) :- ತಂದೆ(_ಅ, _ಕ).
ಹಿರಿಯ(_ಅ, _ಕ) :- ತಂದೆ(_ಅ, _ಮ), ಹಿರಿಯ(_ಮ, _ಕ).

‘:-’ ಅಂದರೆ ಬಲಗಡೆಯದು ನಿಜವಾದರೆ ಎಡಗಡೆಯದೂ ನಿಜ ಅಂತ, ಬಲಗಡೆ ಎರಡು ಮಾತುಗಳ ನಡುವಿನ ಕಾಮಾ ಅಂದರೆ ‘ಮತ್ತು’. ಜನಮೇಜಯ ಅರ್ಜುನನಿಗೆ ಹಿರಿಯನಾ ಅಂತ ಕೇಳಿದರೆ ‘ಫಾಲ್ಸ್’, ಸರಿ. ಈಗ ಕೊನೆಯ ಸಾಲಿನಲ್ಲಿ ‘ತಂದೆ’ಯನ್ನು ಹಿಂದೆ ಹಾಕಿ ‘ಹಿರಿಯ’ವನ್ನು ಮುಂದೆ ತರಲು ಹೇಳು. ತರ್ಕದ ಪ್ರಕಾರ ಒಂದಿಷ್ಟೂ ವ್ಯತ್ಯಾಸ ಇಲ್ಲ. ಅದೇ ಪ್ರಶ್ನೆ ಮತ್ತೆ ಕೇಳಿದರೆ ಉತ್ತರವೇ ಬರಲ್ಲ, ಸ್ಟ್ಯಾಕ್, ಅಂದರೆ ಅದು ಕೆಲಸಕ್ಕೆ ಇಟ್ಟುಕೊಂಡ ಮೆಮೊರಿ, ತುಂಬಿ ಎರರ್ ಬರುತ್ತದೆ. ಅರ್ಜುನ ಜನಮೇಜಯನಿಗೆ ಹಿರಿಯನಾ ಅಂದರೆ ಮೊದಲು ‘ಟ್ರೂ’ ಅನ್ನುತ್ತದೆ, ಇನ್ನೊಂದು ಉತ್ತರಕ್ಕೆ ಸೆಮಿಕೋಲನ್ ಒತ್ತಿದರೆ ಮತ್ತೆ ಅದೇ ಗತಿ. ಯಾಕೆ ಅಂತ ಬಾಯಲ್ಲಿ ಹೇಳಬೇಡ. ಮೇಲಿಂದ ಕೆಳಕ್ಕೆ, ಎಡದಿಂದ ಬಲಕ್ಕೆ ಅದು ಹುಡುಕುವ ಮರವನ್ನು ಅವರೇ ಪೇಪರ್ ಮೇಲೆ ಬರೆಯಲಿ, ಒಂದು ಕೊಂಬೆ ಮುಗಿಯದೆ ಇಳಿಯುತ್ತಲೇ ಹೋಗುವುದು ಕೈಗೇ ಗೊತ್ತಾಗುತ್ತೆ. ಆಮೇಲೆ ಸಿಕ್ಕ ಉತ್ತರಗಳನ್ನು ನೆನಪಿಟ್ಟುಕೊಳ್ಳಲು ಹೇಳುವ ‘ಟೇಬಲ್’ ಅಂತ ಒಂದು ಸಾಲು ಸೇರಿಸಿದರೆ ಅದೇ ಪ್ರೋಗ್ರಾಮ್ ಉತ್ತರ ಕೊಟ್ಟು ಮುಗಿಯುತ್ತದೆ ಅಂತ ತೋರಿಸು. ಅಷ್ಟು ಹೊತ್ತು ಮರ ಬರೆದವರಿಗೆ ಮಾತ್ರ ಅದರ ಬೆಲೆ ಗೊತ್ತಾಗೋದು.

ಕರ್ಣನ ಪ್ರಶ್ನೆ ಮರೆಯಬೇಡ. ಕುಂತಿಯ ಮಕ್ಕಳ ಪಟ್ಟಿಯಲ್ಲಿ ಧರ್ಮರಾಯ, ಭೀಮ, ಅರ್ಜುನ ಮಾತ್ರ ಇರಲಿ. ಕುಂತಿ ಕರ್ಣನ ತಾಯಿಯಾ ಅಂತ ಕೇಳಿಸು. ‘ಫಾಲ್ಸ್’ ಅನ್ನುತ್ತದೆ. ಸುಳ್ಳು ಅಂತ ಅದಕ್ಕೆ ಗೊತ್ತಾಗಿಲ್ಲ, ತನ್ನಲ್ಲಿ ಇರುವುದರಿಂದ ಸಾಧಿಸಲು ಆಗಲಿಲ್ಲ, ಅಷ್ಟೇ. ಬ್ಯಾಂಕಿನ ಡೇಟಾಬೇಸಿಗೂ ರೇಷನ್ ಕಾರ್ಡ್ ಪಟ್ಟಿಗೂ ಪ್ರೋಗ್ರಾಮ್ ಬರೆಯಲು ಹೋಗುವ ಹುಡುಗರು ಇವರು. ‘ಸಿಗಲಿಲ್ಲ’ ಮತ್ತು ‘ಅಲ್ಲ’ ಎರಡೂ ಬೇರೆ ಅನ್ನೋದು ಅವರಿಗೆ ಗೊತ್ತಿರಲೇಬೇಕು ಅಲ್ವಾ? ಆಮೇಲೆ ಕರ್ಣನ ಆ ಒಂದು ಸಾಲು ಸೇರಿಸಿ ಮತ್ತೆ ಕೇಳಿಸು.

ಕಟ್, ಅಂದರೆ ಉಳಿದ ದಾರಿಗಳನ್ನು ಹುಡುಕದಂತೆ ತಡೆಯುವ ‘!’ ಗುರುತು, ಬೇಗ ಕಲಿಸಬೇಡ. ಮರ ಬರೆಯಲು ಬಾರದವರ ಕೈಗೆ ಅದು ಸಿಕ್ಕಿದರೆ ಉತ್ತರ ಸರಿ ಬರುವ ತನಕ ಸುಮ್ನೆ ಅಲ್ಲಲ್ಲಿ ಹಾಕುತ್ತಾ ಹೋಗುತ್ತಾರೆ. ಪರೀಕ್ಷೆಯಲ್ಲಿ ಐದು ಸಾಲಿನ ಪ್ರೋಗ್ರಾಮ್ ಕೊಟ್ಟು ಉತ್ತರಗಳು ಯಾವ ಕ್ರಮದಲ್ಲಿ ಬರುತ್ತವೆ ಅಂತ ಕೇಳು, ವ್ಯಾಖ್ಯೆ ಕೇಳಬೇಡ. ನನ್ನ ಲ್ಯಾಬ್ ಪ್ರಶ್ನೆಗಳನ್ನು ಇದರ ಜೊತೆ ಕಳಿಸಿದ್ದೇನೆ, ಚದುರಂಗದ ಮಣೆಯಲ್ಲಿ ಒಂದನ್ನೊಂದು ಹೊಡೆಯದಂತೆ ಎಂಟು ರಾಣಿಯರನ್ನು ಇಡುವ ಲೆಕ್ಕವನ್ನು ಕೊನೆಗೆ ಇಟ್ಟುಕೋ. ಮೊದಲ ತರಗತಿ ಆದ ಮೇಲೆ ಫೋನ್ ಮಾಡು.

ನಿನ್ನ ಗೆಳೆಯ