ಕುಡಿದು ಓಡಿಸಿದವರಿಂದ ಹಾಸಿಗೆ ಹಿಡಿದವರು

ಮಾನ್ಯ ಸಂಪಾದಕರೇ,

2024ರ ಮೇ 19ರ ನಸುಕಿನಲ್ಲಿ ಪುಣೆಯ ಕಲ್ಯಾಣಿನಗರದಲ್ಲಿ ಪೋರ್ಶೆ ಕಾರು ಗುದ್ದಿ ಇಬ್ಬರು ಯುವ ಎಂಜಿನಿಯರುಗಳು ಸತ್ತಾಗಲೂ, ಅದೇ ವರ್ಷದ ಜುಲೈಯಲ್ಲಿ ಮುಂಬಯಿಯ ವರ್ಲಿಯಲ್ಲಿ ಗಂಡನೊಡನೆ ಸ್ಕೂಟರಿನಲ್ಲಿ ಹೋಗುತ್ತಿದ್ದ ಮಹಿಳೆಯೊಬ್ಬರು ಬಿಎಂಡಬ್ಲ್ಯು ಕಾರಿಗೆ ಸಿಲುಕಿ ಪ್ರಾಣ ಬಿಟ್ಟಾಗಲೂ ಪತ್ರಿಕೆಗಳು ವಾರಗಟ್ಟಲೆ ಬರೆದವು; ಬರೆಯಬೇಕಾದದ್ದೇ. ಆದರೆ ಕುಡಿದವರ ವಾಹನಕ್ಕೆ ಸಿಕ್ಕಿಯೂ ಸಾಯದೆ ಉಳಿದವರ ಸುದ್ದಿ ‘ಗಂಭೀರ ಗಾಯ’ ಎಂಬಲ್ಲಿಗೆ ನಿಂತುಬಿಡುತ್ತದೆ. ಆ ಮುಂದಿನ ವರ್ಷಗಳ ಬಗ್ಗೆ ಈ ಪತ್ರ.

ನಾನು ಮುಂಬಯಿ ಕಡೆಯ ಕನ್ನಡ ಸಂಘವೊಂದಕ್ಕೆ ಬರುವ ವೈದ್ಯಕೀಯ ನೆರವಿನ ಅರ್ಜಿಗಳನ್ನು ನೋಡುವವನು. ಹೋಟೆಲ್ ಮುಚ್ಚಿದ ಮೇಲೆ ಕೋಣೆಗೆ ನಡೆದು ಹೋಗುತ್ತಿದ್ದ ಕುಂದಾಪುರ ಕಡೆಯ ಕಾರ್ಮಿಕರೊಬ್ಬರಿಗೆ ಕುಡಿದವನ ಕಾರು ಬಡಿದು ಬೆನ್ನುಮೂಳೆ ಮುರಿಯಿತು. ಸೊಂಟದ ಕೆಳಗೆ ಸ್ಪರ್ಶವಿಲ್ಲ. ಹಾಸಿಗೆ ಹುಣ್ಣಾಗದಂತೆ ಹಗಲುರಾತ್ರಿ ಎರಡೆರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಮೂತ್ರದ ನಳಿಕೆಗೆ ಸೋಂಕು ತಗಲದಂತೆ ಕಾಯಬೇಕು. ಇದನ್ನೆಲ್ಲ ಮಾಡಲು ಊರಿನಿಂದ ಬಂದ ಹೆಂಡತಿ ಬೀಡಿ ಕಟ್ಟುವ ಕೆಲಸವನ್ನು ಬಿಟ್ಟರು. ಮಗ ಕಾಲೇಜು ಬಿಟ್ಟು ಅಪ್ಪ ದುಡಿಯುತ್ತಿದ್ದ ಹೋಟೆಲಿಗೇ ಸೇರಿದ. ಒಂದು ಅಪಘಾತಕ್ಕೆ ಮನೆಯ ಮೂವರ ಬದುಕು ಹೋಯಿತೆಂದರೆ ಉತ್ಪ್ರೇಕ್ಷೆಯಲ್ಲ, ಆದರೆ ಅಂಕಿಅಂಶದಲ್ಲಿ ಅವರು ಒಬ್ಬ ಗಾಯಾಳು.

ಮೋಟಾರು ವಾಹನ ಕಾಯ್ದೆಯ 185ನೇ ಕಲಮಿನಂತೆ 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಹೆಚ್ಚು ಮದ್ಯಸಾರವಿದ್ದರೆ ಅಪರಾಧ. ಮೊದಲ ಬಾರಿಗೆ ಆರು ತಿಂಗಳವರೆಗೆ ಸೆರೆ, ಇಲ್ಲವೇ 10,000 ರೂಪಾಯಿ ದಂಡ, ಇಲ್ಲವೇ ಎರಡೂ. ‘ಎರಡು ಪೆಗ್ಗಿಗೆ ಏನಾಗುತ್ತದೆ’ ಎನ್ನುವವರು ಈ ಮಿತಿ ಎಷ್ಟು ಕೆಳಗಿದೆಯೆಂದು ಗಮನಿಸುವುದೇ ಇಲ್ಲ. ಮುಂಬಯಿಯ ಪರ್ಮಿಟ್ ರೂಮುಗಳಲ್ಲಿ (ಪರವಾನಗಿಯುಳ್ಳ ಬಾರುಗಳಲ್ಲಿ) ನಮ್ಮವರು ನಡೆಸುವವು ಬಹಳಷ್ಟಿವೆ, ಆದ್ದರಿಂದ ಈ ಮಾತು ನಮ್ಮ ಮನೆಬಾಗಿಲಿನದೇ. ಬಿಲ್ ಕೊಡುವಾಗ ಗಿರಾಕಿಯನ್ನು ಹೇಗೆ ಹೋಗುತ್ತೀರಿ ಎಂದು ಕೇಳಿ, ಕೀಲಿ ಇರಿಸಿಕೊಂಡು ರಿಕ್ಷಾ ಕರೆಸಿದರೆ ಆತ ಮುನಿಸಿಕೊಂಡಾನು ಎಂಬ ಮಾಲೀಕರ ಅಂಜಿಕೆ ನನಗೆ ಅರ್ಥವಾಗುತ್ತದೆ. ಆದರೂ ರಾತ್ರಿ ಅದೇ ರಸ್ತೆಯಲ್ಲಿ ನಡೆದು ಹೋಗುವವರು ಅವರದೇ ವೇಟರುಗಳಲ್ಲವೇ?

ಇನ್ನು ಪರಿಹಾರದ ವಿಷಯ. ಹರಿಯಾಣದಲ್ಲಿ ಲಾರಿ ಬಡಿದು ಮಿದುಳಿಗೆ ಪೆಟ್ಟಾದ ಹನ್ನೆರಡು ವರ್ಷದ ಬಾಲಕಿಯ ಪ್ರಕರಣದಲ್ಲಿ (ಅದು ಮದ್ಯದ ಪ್ರಕರಣವಲ್ಲ) ಸರ್ವೋಚ್ಚ ನ್ಯಾಯಾಲಯ 2020ರಲ್ಲಿ ಇಬ್ಬರು ಆರೈಕೆದಾರರ ತಿಂಗಳ ಸಂಬಳವನ್ನು ಲೆಕ್ಕ ಹಾಕಿ ಅದನ್ನೂ ಪರಿಹಾರಕ್ಕೆ ಸೇರಿಸಿತು. ಅಪಘಾತ ನಡೆದದ್ದು 2007ರಲ್ಲಿ. ಅಂದರೆ ಆರೈಕೆಗೂ ಬೆಲೆಯಿದೆಯೆಂದು ನ್ಯಾಯಾಲಯ ಒಪ್ಪುತ್ತದೆ, ಆದರೆ ಅದನ್ನು ಕೇಳಿ ಪಡೆಯಲು ವರ್ಷಗಟ್ಟಲೆ ಬೆನ್ನು ಹತ್ತುವವರು ಬೇಕು. ಹೆಂಡತಿಯ ಸೇವೆಯನ್ನು ‘ಮನೆಯವರು ಮಾಡಿದ್ದು’ ಎಂದು ಪರಿಹಾರದ ಅರ್ಜಿಯಲ್ಲಿ ಕಾಣಿಸದೆ ಬಿಡುವುದನ್ನು ನಾನೇ ನೋಡಿದ್ದೇನೆ.

ನಮ್ಮ ಸಂಘಗಳು ಒಮ್ಮೆ ಚೆಕ್ ಕೊಡುತ್ತವೆ, ಫೋಟೊ ತೆಗೆಯುತ್ತವೆ (ಶಾಲು ಹೊದಿಸುವುದಷ್ಟೇ ಬಾಕಿ). ಅದರ ಬದಲು ಪ್ರತಿ ಸಂಘದಲ್ಲೂ ಒಬ್ಬ ವಕೀಲರು ಇಂಥ ಕುಟುಂಬದ ಕಡತವನ್ನು ತೀರ್ಪಿನವರೆಗೂ ನೋಡಿಕೊಳ್ಳಲಿ. ಹಾಸಿಗೆ ಹಿಡಿದವರನ್ನು ಊರಿಗೆ ಕರೆದೊಯ್ದ ಮೇಲೆ ಮುಂಬಯಿಗೆ ಓಡಾಡಲಾಗದೆಂದು ಹಲವರು ಪರಿಹಾರದ ಅರ್ಜಿಯನ್ನೇ ಹಾಕುವುದಿಲ್ಲ. ಅರ್ಜಿದಾರರು ವಾಸವಿರುವ ಊರಿನ ವ್ಯಾಪ್ತಿಯ ನ್ಯಾಯಮಂಡಳಿಯಲ್ಲೂ ಅದನ್ನು ಹಾಕಬಹುದೆಂದು ಕಾಯ್ದೆಯ 166ನೇ ಕಲಮು ಹೇಳುತ್ತದೆ. ಆದರೆ 2019ರ ತಿದ್ದುಪಡಿ ಆರು ತಿಂಗಳ ಗಡುವು ಹಾಕಿರುವುದರಿಂದ, ಆಸ್ಪತ್ರೆಯಿಂದ ಬಿಡುಗಡೆಯಾಗುವ ಮೊದಲೇ ಯಾರಾದರೂ ಇದನ್ನು ಅವರಿಗೆ ತಿಳಿಸಬೇಕು.

– ಓರ್ವ ಓದುಗ, ಡೊಂಬಿವಲಿ