ಕೆಟ್ಟ ಮಳೆಯೋ, ಕೆಟ್ಟ ಬಟ್ಟೆಯೋ

ಬರ್ಗೆನ್, ನಾರ್ವೆ
ಆಗಸ್ಟ್ 20

ಪ್ರೀತಿಯ ಅಪ್ಪ, ಅಮ್ಮ,

ತೀರ್ಥಹಳ್ಳಿಯಲ್ಲಿ ಮಘೆ ಮಳೆ ಶುರುವಾಗಿರಬೇಕು, ಅಲ್ವಾ? ಇಲ್ಲಿ ನಕ್ಷತ್ರದ ಲೆಕ್ಕವೇ ಇಲ್ಲ, ವರ್ಷಪೂರ್ತಿ ಒಂದೇ ಮಳೆ. 2006ರ ಅಕ್ಟೋಬರ್ ಕೊನೆಗೆ ಹಿಡಿದದ್ದು 85 ದಿನ, ಒಂದು ದಿನವೂ ತಪ್ಪಲಿಲ್ಲವಂತೆ. ಅದನ್ನೂ ಹೆಮ್ಮೆಯಿಂದ ಹೇಳುತ್ತಾರೆ. ವರ್ಷಕ್ಕೆ 2000 ಮಿಲಿಮೀಟರ್ ಮೇಲೆ ಚಿಲ್ಲರೆ. ನಮ್ಮ ಆಗುಂಬೆಯಲ್ಲಿ 7000 ದಾಟುತ್ತೆ ಅಂದರೆ ಸುಮ್ನೆ ನಗುತ್ತಾರೆ.

ಮೊನ್ನೆ ಪುಟ್ಟಿಯನ್ನು ಶಿಶುವಿಹಾರಕ್ಕೆ ಬಿಡಲು ಹೋದೆ. ಧೋ ಅಂತ ಸುರಿಯುತ್ತಿತ್ತು. ಮಕ್ಕಳೆಲ್ಲ ಹೊರಗೆ ಕೆಸರಲ್ಲಿ ಕೂತಿದ್ದಾರೆ! ಕುತ್ತಿಗೆವರೆಗೂ ರಬ್ಬರ್ ಅಂಗಿ, ಕಾಲಿಗೆ ಬೂಟು. "ಜ್ವರ ಬಂದರೆ?" ಅಂದೆ. ಟೀಚರ್ ನಕ್ಕು ಗಾದೆ ಹೇಳಿದರು: ಕೆಟ್ಟ ಹವೆ ಅಂತ ಇಲ್ಲ, ಇರುವುದು ಕೆಟ್ಟ ಬಟ್ಟೆ ಮಾತ್ರ. ಇವರ ಭಾಷೆಯಲ್ಲಿ ಹವೆಗೆ 'ವ್ಯಾರ್', ಬಟ್ಟೆಗೆ 'ಕ್ಲ್ಯಾರ್'. ಪ್ರಾಸ ಸಿಕ್ಕಿದೆಯಲ್ಲ, ಎಲ್ಲರ ಬಾಯಲ್ಲೂ ಅದೇ.

ಅಪ್ಪ, ನೀವು ಹೇಳುತ್ತಿದ್ದದ್ದು "ನೀರಿಗಿಳಿದವನಿಗೆ ಚಳಿಯೇನು, ಮಳೆಯೇನು". ಎರಡೂ ಒಂದೇ ಅಂದುಕೊಂಡಿದ್ದೆ. ಅಲ್ಲ. ನಮ್ಮದು ಬೇರೆ ದಾರಿ ಇಲ್ಲದವರ ಮಾತು. ಗದ್ದೆಗೆ ಇಳಿದಾಯ್ತು, ಇನ್ನು ನೆಟ್ಟೇ ಏಳಬೇಕು. ಇವರದ್ದು ಮನೆಯಲ್ಲೇ ತಯಾರಾಗಿ ಹೊರಡುವವರ ಮಾತು. ಕಾಸಿದ್ದವರ ಮಾತು ಅಂತಲೂ ಅನ್ನಿ. ಪುಟ್ಟಿಯ ಮಳೆ ಅಂಗಿಯ ಬೆಲೆ ಹೇಳಿದರೆ ಅಮ್ಮ ಬೈಯುತ್ತಾರೆ, ಹೇಳಲ್ಲ.

ಆದರೆ ಅವತ್ತೆಲ್ಲ ನನಗೆ ಅಜ್ಜಿಯ ಗೊರಬೇ ಕಣ್ಣ ಮುಂದೆ. ಬಿದಿರಿನ ಹೆಣಿಗೆ, ನಡುವೆ ಒತ್ತಿದ ಎಲೆ. ದೋಣಿ ಕವುಚಿ ಹೊತ್ತ ಹಾಗೆ ತಲೆಯಿಂದ ಸೊಂಟದವರೆಗೆ. ಬಗ್ಗಿ ನಾಟಿ ಮಾಡುವಾಗ ನೀರು ಎರಡೂ ಬದಿಗೆ ಇಳಿದು ಹೋಗುತ್ತಿತ್ತು. ಬೆನ್ನು ಬೆಚ್ಚಗೆ, ಎರಡು ಕೈಯೂ ಖಾಲಿ. ಕೊಡೆ ಹಿಡಿದು ನಾಟಿ ಮಾಡೋಕಾಗುತ್ತಾ? ನಾನು ಬಂದ ಮೊದಲ ವಾರ ಇಲ್ಲಿ ಕೊಡೆ ಹಿಡಿದು ಹೊರಟೆ. ಬಂದರಿನ ಗಾಳಿಗೆ ಉಲ್ಟಾ ಹೊಡೆದು ಅದರ ಕಡ್ಡಿಯೆಲ್ಲ ಮುರಿಯಿತು. ಅಜ್ಜಿ ನೋಡಿದ್ದರೆ ಹೊಟ್ಟೆ ಹಿಡಿದು ನಗುತ್ತಿದ್ದರು.

ಇನ್ನೊಂದು. ಕೊಳೆ ರೋಗ ಬರಬಾರದು ಅಂತ ಅಡಿಕೆ ಗೊನೆಗೂ ಕೊಟ್ಟೆ, ಅಂದರೆ ಹೊದಿಕೆ, ಕಟ್ಟುವವರು ನಾವು. ಗೊನೆಗೇ ಮಳೆ ಅಂಗಿ! ಇದನ್ನು ಟೀಚರ್‌ಗೆ ಹೇಳಬೇಕು ಅಂತಿದ್ದೇನೆ, ನನ್ನ ನಾರ್ವೇಜಿಯನ್ ಅಲ್ಲಿವರೆಗೆ ಎಟುಕಿದರೆ.

ಈ ಸಲ ಕೊಳೆಗೆ ಬೋರ್ಡೋ ಔಷಧ ಹೊಡೆಯಲು ಮಳೆ ನಿಂತು ಹೊಳವು ಸಿಕ್ಕಿತಾ? ಅಟ್ಟದ ಮೇಲಿನ ಗೊರಬಿಗೆ ಗೆದ್ದಲು ಹಿಡಿದಿಲ್ಲದಿದ್ದರೆ ಒಂದು ಫೋಟೋ ಕಳಿಸಿ. ಪುಟ್ಟಿ ನೋಡಬೇಕಂತೆ. ಅಮ್ಮ ಹೊದ್ದು ನಿಂತರೆ ಇನ್ನೂ ಒಳ್ಳೇದು.

ನಿಮ್ಮ ಮಗ